ಬರವಣಿಗೆ ನಿಂತಾಗ ಸೂಜಿ, ರಂಗೋಲಿ, ತಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಮ್ಮ ಮನೆಯ ಹಾಲ್‌ನಲ್ಲಿ ಏಳೆಂಟು ಜನ ಸೇರುತ್ತೇವೆ. ಬರೆದದ್ದನ್ನು ಓದುತ್ತೇವೆ, ಚಹಾ ಕುಡಿಯುತ್ತೇವೆ, ಜಗಳವೂ ಆಡುತ್ತೇವೆ. ಪ್ರತಿ ಸಲ ಒಬ್ಬರಾದರೂ ಬರಿಗೈಯಲ್ಲಿ ಬಂದಿರುತ್ತಾರೆ. "ಈ ತಿಂಗಳು ಏನೂ ಆಗಲಿಲ್ಲ, ಸುಮ್ನೆ ಕೇಳೋಕೆ ಬಂದೆ" ಅನ್ನುತ್ತಾರೆ. ಅಂಥವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಕೆಲವು ಆ ಹೊತ್ತಿಗೆ ನನಗೆ ಹೊಳೆದಿರಲಿಲ್ಲ. ಅವರು ಮನೆಗೆ ಹೋದಮೇಲೆ, ಲೋಟ ತೊಳೆಯುವಾಗ ಹೊಳೆದವು.

ಬರೆಯೋಕೆ ಆಗ್ತಿಲ್ಲ. ಇದು ಸೋಮಾರಿತನವಾ, ನಿಜವಾದ ರೈಟರ್ಸ್ ಬ್ಲಾಕಾ?

ಸೋಮಾರಿಗೆ ಸಂಕಟ ಇರುವುದಿಲ್ಲ. ಬರೆಯದೆ ಟಿವಿ ನೋಡಿ, ಹೊಟ್ಟೆ ತುಂಬ ಉಂಡು, ಚೆನ್ನಾಗಿ ನಿದ್ದೆ ಮಾಡಿ ಎದ್ದಿರಾ? ಅದು ರಜೆ. ದಿನಾ ಲ್ಯಾಪ್‌ಟಾಪ್ ತೆರೆದು, ಒಂದು ಸಾಲು ಹೊಡೆದು, ಅಳಿಸಿ, ಮತ್ತೆ ಅದೇ ಸಾಲು ಹೊಡೆದು, ಊಟದ ಹೊತ್ತಿಗೆ ಖಾಲಿ ಪುಟ ಮುಚ್ಚಿ ಏಳುತ್ತೀರಾ? ಅದು ಬ್ಲಾಕ್. ಈ ಹೆಸರಿಗೆ ವಯಸ್ಸು ಜಾಸ್ತಿ ಆಗಿಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್ 1940ರ ದಶಕದಲ್ಲಿ ಅದನ್ನು ಚಾಲ್ತಿಗೆ ತಂದ. ಕಷ್ಟ ಮಾತ್ರ ಮೊದಲಿಂದಲೂ ಇದ್ದದ್ದೇ.

ನಾನು ಕಂಡಂತೆ ಇದರಲ್ಲಿ ಎರಡು ಜಾತಿ. ಒಂದರಲ್ಲಿ ಹೇಳುವುದು ಇರುತ್ತದೆ, ಆದರೆ ತಲೆಯೊಳಗೆ ಒಬ್ಬ ಜಡ್ಜ್ ಕೂತಿರುತ್ತಾನೆ. ಇನ್ನೊಂದರಲ್ಲಿ ಗಡಿಗೆಯೇ ಖಾಲಿ. ನಿಮ್ಮದು ಯಾವುದು ಅಂತ ತಿಳಿಯಲು ಸುಲಭ ಪರೀಕ್ಷೆ ಇದೆ. ಗೆಳತಿಗೋ ತಮ್ಮನಿಗೋ ಫೋನ್ ಮಾಡಿ, ಬರೆಯಬೇಕು ಅಂದುಕೊಂಡದ್ದನ್ನು ಬಾಯಲ್ಲಿ ಹೇಳಿ. ಹತ್ತು ನಿಮಿಷ ತಡವರಿಸದೆ ಹೇಳಿದರೆ ಸರಕು ಇದೆ, ಭಯ ಅಡ್ಡ ಬಂದಿದೆ. ಎರಡನೇ ನಿಮಿಷಕ್ಕೇ "ಅಷ್ಟೇ ಮಾರಾಯ್ರೇ" ಅಂದರೆ ಗಡಿಗೆ ತುಂಬಿಸಬೇಕು. ಎರಡಕ್ಕೂ ಔಷಧಿ ಬೇರೆ ಬೇರೆ.

ಬರೆಯೋದು ಬಿಟ್ಟು ಬೇರೆ ಏನೋ ಮಾಡಿದರೆ ಬರವಣಿಗೆ ಹೇಗೆ ಬರುತ್ತೆ? ತಪ್ಪಿಸಿಕೊಳ್ಳೋ ನೆಪ ಅಲ್ವಾ?

ನೆಪವೂ ಆಗಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ಗ್ರಹಾಂ ವಾಲಸ್ ಅನ್ನುವ ಇಂಗ್ಲಿಷ್ ಚಿಂತಕ 1926ರಲ್ಲಿ ಹೊಸದು ಹೊಳೆಯುವ ದಾರಿಯನ್ನು ನಾಲ್ಕು ಹಂತ ಮಾಡಿ ಹೇಳಿದ. ಮೊದಲು ತಯಾರಿ, ಕೊನೆಗೆ ಹೊಳೆದದ್ದನ್ನು ತಿದ್ದಿ ನೋಡುವುದು. ನಡುವೆ, ಹೊಳೆಯುವುದಕ್ಕೆ ಮುಂಚೆ, ಅವನು ಇಟ್ಟ ಹಂತಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಕಾವಿಗೆ ಕೂರುವುದು. ಕೋಳಿ ಕಾವಿಗೆ ಕೂತಾಗ ಹೊರಗೆ ಏನೂ ಆಗುತ್ತಿರುವ ಹಾಗೆ ಕಾಣುವುದಿಲ್ಲ. ಆದರೆ ಒಂದು ಮಾತು, ಕೆಳಗೆ ಮೊಟ್ಟೆ ಇರಬೇಕು. ಒಂದು ಪುಟವನ್ನೂ ಬರೆಯಲು ಒದ್ದಾಡದೆ ನೇರ ಬಣ್ಣದ ಡಬ್ಬಿ ಕೊಳ್ಳಲು ಹೋದರೆ ಅದು ಬರೀ ಕೂರುವುದು.

ಇನ್ನೊಂದು ಕಾರಣ ನನಗೆ ಹೆಚ್ಚು ನಿಜ ಅನ್ನಿಸುತ್ತದೆ. ಬರವಣಿಗೆಯಲ್ಲಿ ನಿಮಗೊಂದು ಹೆಸರಿದೆ, ಚಿಕ್ಕದೇ ಇರಲಿ. "ನೀನು ಚೆನ್ನಾಗಿ ಬರೀತೀಯ" ಅಂತ ಯಾರೋ ಹೇಳಿದ್ದಾರೆ, ಅದು ಕೊರಳಿಗೆ ಬಿದ್ದ ಹಗ್ಗ. ಮಣ್ಣಿನಲ್ಲಿ ಗಣಪತಿ ಮಾಡಲು ಕೂತರೆ ನೀವು ಯಾರೂ ಅಲ್ಲ. ಸೊಂಡಿಲು ಕಳಚಿ ಬಿದ್ದರೆ ಮಕ್ಕಳು ನಗುತ್ತಾರೆ, ನೀವೂ ನಗುತ್ತೀರಿ, ನೀರು ಹಚ್ಚಿ ಮತ್ತೆ ಅಂಟಿಸುತ್ತೀರಿ. ಕೆಟ್ಟದಾಗಿ ಮಾಡಿ ಮತ್ತೆ ಮಾಡುವ ಆ ರೂಢಿ ಬರೆಯುವಾಗ ತಪ್ಪಿಹೋಗಿರುತ್ತದೆ. ಅದನ್ನು ಬೇರೆ ಮನೆಯಿಂದ ಕಡ ತರಬೇಕು.

ನಿಮಗೆ ಯಾವುದು ಕೆಲಸಕ್ಕೆ ಬಂತು?

ಕಸೂತಿ. ಹೇಳಿದರೆ ನಮ್ಮವರೇ ನಂಬುವುದಿಲ್ಲ.

ಒಂದು ಕಥೆ ಶುರು ಮಾಡಿದ್ದೆ. ಅಪ್ಪ ತೀರಿಕೊಂಡ ಮೂರು ವರ್ಷದ ಮೇಲೆ ಮಗಳು ಊರಿಗೆ ಬರುತ್ತಾಳೆ. ಬಸ್ಸಿಳಿದು, ಬೀದಿ ದಾಟಿ, ಮನೆ ಬಾಗಿಲಿಗೆ ಬಂದು ನಿಂತಳು. ಐದು ತಿಂಗಳು ಅಲ್ಲೇ ನಿಂತಿದ್ದಳು. ಬಾಗಿಲು ತಟ್ಟಿಸಿದೆ, ಅಳಿಸಿದೆ. ಅಮ್ಮನೇ ಬಾಗಿಲು ತೆಗೆದಳು, ಅಳಿಸಿದೆ. ಬೀಗ ಹಾಕಿದ್ದ ಹಾಗೆ ಮಾಡಿದೆ. ಅದೂ ಸರಿ ಹೋಗಲಿಲ್ಲ. ಅದಕ್ಕೂ ಮುಂಚೆ ಒಂದು ವಾರಪತ್ರಿಕೆಯವರು ನನ್ನ ಹಿಂದಿನ ಕಥೆಯನ್ನು ಎಂಟು ತಿಂಗಳು ಇಟ್ಟುಕೊಂಡು, ಒಂದೇ ಸಾಲಿನಲ್ಲಿ ವಾಪಸ್ ಕಳಿಸಿದ್ದರು. ಆ ಒಂದು ಸಾಲು ಬಾಗಿಲ ಹತ್ತಿರವೇ ನಿಂತಿತ್ತು ಅಂತ ಈಗ ಗೊತ್ತಾಗುತ್ತದೆ.

ಆಗ ಧಾರವಾಡದ ದೊಡ್ಡಮ್ಮ ಒಂದು ತಿಂಗಳು ನಮ್ಮಲ್ಲಿ ಉಳಿದರು. ಮಧ್ಯಾಹ್ನ ಕಿಟಕಿ ಹತ್ತಿರ ಕೂತು ಕಸೂತಿ ಹಾಕುತ್ತಿದ್ದರು. ನನಗೂ ಒಂದು ಮ್ಯಾಟಿ ಬಟ್ಟೆ ತುಂಡು, ಕೆಂಪು ದಾರ ಕೊಟ್ಟರು. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಗೀಚಿಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕಬೇಕು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ನಾನು ಕಲಿತದ್ದು ಗವಂತಿ ಒಂದೇ. ಅದರಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಖಾಲಿ ಬಿಟ್ಟು, ಮತ್ತೊಂದು ಹಾಕುತ್ತಾ ಸಾಗುತ್ತದೆ. ನಾನು ಹಾಕುತ್ತಿದ್ದ ಗೋಪುರದ ಚಿತ್ರ ಅರ್ಧದಲ್ಲಿ ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತದೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಖಾಲಿ ಬಿಟ್ಟ ಜಾಗಗಳನ್ನು ತುಂಬಬೇಕು. ಆಗ ಗೆರೆ ಕೂಡಿಕೊಳ್ಳುತ್ತದೆ.

ನಾನು ಮೊದಲ ದಿನವೇ ಖಾಲಿ ಜಾಗ ನೋಡಲಾರದೆ, ಹೋಗುತ್ತಲೇ ತುಂಬಲು ಶುರು ಮಾಡಿದೆ. ದಾರ ಸುತ್ತಿಕೊಂಡಿತು. ಹಿಂದೆ ಗಂಟು. ದೊಡ್ಡಮ್ಮ ಬಟ್ಟೆ ಕಸಿದುಕೊಂಡು ತಿರುಗಿಸಿ ನೋಡಿ, "ಗಂಟು ಹಾಕಬ್ಯಾಡ. ಹಿಂದೂ ಮುಂದೂ ಒಂದs ಕಾಣಬೇಕು. ಹೋಗೂಮುಂದ ಬಿಟ್ಟು ಹೋಗು, ಬರೂಮುಂದ ತುಂಬೂವಂತಿ" ಅಂದರು.

ಹನ್ನೊಂದು ದಿನ ಬರೀ ಅದನ್ನೇ ಮಾಡಿದೆ. ಹನ್ನೆರಡನೇ ದಿನ ಬಾಗಿಲನ್ನು ಖಾಲಿ ಬಿಟ್ಟೆ. ಪುಟದಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಹುಡುಗಿ ಒಳಗೆ ಕೂತು ತಣ್ಣಗಾದ ಅವಲಕ್ಕಿ ತಿನ್ನುತ್ತಿರುವುದರಿಂದ ಬರೆದೆ. ಒಂದು ವಾರದಲ್ಲಿ ಕಥೆ ತುದಿ ಮುಟ್ಟಿತು. ವಾಪಸ್ ಬಂದು ನೋಡಿದರೆ, ಬಾಗಿಲಿನ ಜಾಗಕ್ಕೆ ಬೇಕಾಗಿದ್ದದ್ದು ಒಂದೇ ಸಾಲು: ಚಿಲಕ ಹಾಕಿರಲಿಲ್ಲ.

ನನಗೆ ಬರೆದದ್ದನ್ನು ಅಳಿಸುವ ಚಟ. ಒಂದು ಪ್ಯಾರಾ ಕೂಡ ದಾಟೋಕೆ ಆಗ್ತಿಲ್ಲ. ಏನು ಮಾಡಲಿ?

ನಮ್ಮ ಕುಮಾರವ್ಯಾಸ ಇಟ್ಟ ಪದವನ್ನು ಅಳಿಸುವವನಲ್ಲ ಅಂತ ತನ್ನ ಕಾವ್ಯದಲ್ಲೇ ಹೆಮ್ಮೆಪಟ್ಟುಕೊಂಡ. ಗದುಗಿನ ವೀರನಾರಾಯಣನ ಗುಡಿಯಲ್ಲಿ, ಮಿಂದ ಬಟ್ಟೆ ಒದ್ದೆ ಇರುವವರೆಗೆ ಮಾತ್ರ ಹಾಡುತ್ತಿದ್ದ, ಆರಿದ ಕೂಡಲೇ ನಿಲ್ಲಿಸುತ್ತಿದ್ದ ಅಂತ ಐತಿಹ್ಯ. ನಿಜವೋ ಕಥೆಯೋ, ಅಷ್ಟು ಹೊತ್ತು ಮಾತ್ರ ಅನ್ನುವ ಆ ಅಳತೆ ನನಗೆ ಇಷ್ಟ. ಗದಗಿನ ಬಿಸಿಲಿಗೆ ಎಷ್ಟು ಹೊತ್ತು ಸಿಕ್ಕೀತು ಹೇಳಿ!

ನಾವು ಅಳಿಸುವ ಜಾತಿಯವರು. ನಮಗೆ ರವೀಂದ್ರನಾಥ ಠಾಕೂರರೇ ಸರಿ. ಅವರು ಹೊಡೆದುಹಾಕಿದ ಪದಗಳನ್ನು ಹಾಗೇ ಬಿಡುತ್ತಿರಲಿಲ್ಲ. ಒಂದು ಕಾಟಿನಿಂದ ಇನ್ನೊಂದು ಕಾಟಿಗೆ ಗೆರೆ ಎಳೆದು, ಮಸಿ ತುಂಬಿ, ಹಕ್ಕಿಯೋ ಮೃಗವೋ ಮುಖವೋ ಮಾಡಿಬಿಡುತ್ತಿದ್ದರು. 1924ರಲ್ಲಿ ಕಾಯಿಲೆಯಿಂದ ಅರ್ಜೆಂಟೀನಾದಲ್ಲಿ ಉಳಿದಾಗ ಬರೆದ ಕವಿತೆಗಳ ಹಸ್ತಪ್ರತಿಯಲ್ಲಿ ಇವು ತುಂಬಿವೆ. ಅಲ್ಲಿ ಅವರನ್ನು ನೋಡಿಕೊಂಡ ಲೇಖಕಿ ವಿಕ್ಟೋರಿಯಾ ಒಕಾಂಪೋ ಈ ಗೀಚುಗಳನ್ನು ಕಂಡು ಬೆರಗಾದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಠಾಕೂರರ ಚಿತ್ರಗಳ ಮೊದಲ ಪ್ರದರ್ಶನ ಏರ್ಪಡಿಸಲು ನೆರವಾದವರೂ ಒಕಾಂಪೋ ಅವರೇ. ಆಗ ಠಾಕೂರರಿಗೆ 69 ವರ್ಷ ತುಂಬುತ್ತಿತ್ತು. ಕೊನೆಗೆ 2000ಕ್ಕೂ ಹೆಚ್ಚು ಚಿತ್ರ ಬಿಟ್ಟುಹೋದರು.

ಹಾಗಾಗಿ ಒಂದು ವಾರ ಲ್ಯಾಪ್‌ಟಾಪ್ ಮುಚ್ಚಿ. ಅಲ್ಲಿ ಅಳಿಸಿದ್ದು ಗುರುತಿಲ್ಲದೆ ಮಾಯವಾಗುತ್ತದೆ, ಅದೇ ತೊಂದರೆ. ಕಾಗದ, ಇಂಕ್ ಪೆನ್ನು ತೆಗೆದುಕೊಳ್ಳಿ. ಹೊಡೆದುಹಾಕಿದ ಪ್ರತಿ ಪದಕ್ಕೂ ಕಾಲೋ ಕೊಕ್ಕೋ ಬರೆಯಿರಿ. ಪುಟ ತುಂಬುವ ಹೊತ್ತಿಗೆ ಅಳಿಸಿದ್ದಕ್ಕೆ ಬೇಜಾರು ಕಡಿಮೆ ಆಗಿರುತ್ತದೆ. ಪುಟದಲ್ಲಿ ಪದಗಳಿಗಿಂತ ಹಕ್ಕಿಗಳೇ ಜಾಸ್ತಿ ಆದರೂ ಪರವಾಗಿಲ್ಲ.

ನನಗೆ ಚಿತ್ರ ಬರೆಯೋಕೆ ಬರಲ್ಲವಲ್ಲ?

ಬಾರದಿರುವುದೇ ಒಳ್ಳೆಯದು. ಕನ್ನಡದಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕಥೆಯನ್ನೂ ಬರೆಯುತ್ತೇವೆ, ಎರಡಕ್ಕೂ ಒಂದೇ ಮಾತು. ಚಿತ್ರ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಗಂಟೂ ಬಿಡಿಸುತ್ತೇವೆ. ಭಾಷೆಗೆ ಮೊದಲೇ ಗೊತ್ತಿತ್ತೇನೋ.

ಅಷ್ಟಕ್ಕೂ ಹೆದರಿಕೆ ಆದರೆ ಚುಕ್ಕಿ ರಂಗೋಲಿ ಹಾಕಿ. ನಡುವೆ 15 ಚುಕ್ಕಿ, ಎರಡೂ ಕಡೆ ಸಂದು ಚುಕ್ಕಿ ಇಡುತ್ತಾ 8ಕ್ಕೆ ನಿಲ್ಲಿಸಿ. ಚುಕ್ಕಿ ಸಾಲು ತಪ್ಪದಿದ್ದರೆ ಉಳಿದದ್ದು ತಾನಾಗಿ ಕೂಡುತ್ತದೆ. ಖಾಲಿ ಪುಟದ ಹೆದರಿಕೆ ಇಲ್ಲಿಲ್ಲ, ಚುಕ್ಕಿಗಳು ಮೊದಲೇ ಕೂತಿರುತ್ತವೆ. ನಾಳೆ ಬೆಳಿಗ್ಗೆ ನೀರು ಚಿಮುಕಿಸಿ ಗುಡಿಸಿಬಿಡುತ್ತೀರಿ. ಯಾರೂ ವಿಮರ್ಶೆ ಬರೆಯುವುದಿಲ್ಲ. ನಮ್ಮ ಗುಂಪಿನ ಒಬ್ಬ ಗಂಡಸು ಇದನ್ನು ಮಾಡಿದ. ಅಕ್ಕಪಕ್ಕದವರು ಎರಡು ದಿನ ನಕ್ಕರು. ಮೂರನೇ ದಿನ ಎದುರು ಮನೆ ಅಜ್ಜಿ ಬಂದು ಪುಡಿ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟರು: ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ, ಕೈ ನೆಲಕ್ಕೆ ತಾಗಬಾರದು, ನಿಲ್ಲಿಸಬಾರದು. ನಿಲ್ಲಿಸಿದಲ್ಲಿ ಪುಡಿ ಗುಡ್ಡೆ ಬೀಳುತ್ತದೆ.

ಪಾತ್ರಗಳು ಮಾತಾಡ್ತಾನೇ ಇಲ್ಲ. ಸಂಭಾಷಣೆ ಬರೆದರೆ ಎಲ್ಲರೂ ಒಂದೇ ತರ ಮಾತಾಡ್ತಾರೆ.

ತಾಳಮದ್ದಳೆ ಕೇಳಿದ್ದೀರಾ? ಕರಾವಳಿ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಯಕ್ಷಗಾನದ ಪ್ರಸಂಗವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಮಾತು ಮಾತ್ರ ಆ ರಾತ್ರಿ ಆ ಕ್ಷಣಕ್ಕೆ ಹುಟ್ಟಿದ್ದು. ಎದುರಿನವನು ಯಾವ ಕಡೆಯಿಂದ ವಾದ ತರುತ್ತಾನೋ ಗೊತ್ತಿಲ್ಲ. ವಾಲಿ ಪ್ರಶ್ನೆ ಎಸೆದರೆ ರಾಮ ಉತ್ತರ ಕೊಡಲೇಬೇಕು, ತಲೆ ಕೆರೆದುಕೊಂಡು ಕೂರುವ ಹಾಗಿಲ್ಲ.

ಇದನ್ನು ಮನೆಯಲ್ಲಿ ಮಾಡಿ. ನಿಮ್ಮ ಕಥೆಯ ಅತ್ತೆ ನೀವಾಗಿ, ಸೊಸೆ ನಿಮ್ಮ ಸ್ನೇಹಿತೆ ಆಗಲಿ. ಜಗಳದ ವಿಷಯ ಮೊದಲೇ ಗೊತ್ತಿರಲಿ, ಮಾತು ಗೊತ್ತಿರಬಾರದು. ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹದಿನೈದು ನಿಮಿಷ ಸಾಕು. ಆಮೇಲೆ ಕೇಳಿದಾಗ ಮುಕ್ಕಾಲು ಪಾಲು ಕಸ. ಉಳಿದ ಕಾಲು ಭಾಗದಲ್ಲಿ ಕೂತು ಬರೆದರೆ ಬರುತ್ತಿರಲಿಲ್ಲ ಅನ್ನುವ ಎರಡು ಮಾತು ಇರುತ್ತವೆ. ನಾವು ಮಾಡಿದಾಗ ಅತ್ತೆಯಾದವಳು ಇದ್ದಕ್ಕಿದ್ದ ಹಾಗೆ "ನಿನ್ನ ತವರಲ್ಲಿ ಸೌಟು ಹೀಗೆ ಮಗುಚಿ ಇಡ್ತಾರಾ" ಅಂದಳು. ಅಷ್ಟರವರೆಗೆ ಜಗಳ ಆಸ್ತಿಯದ್ದಾಗಿತ್ತು. ಅಲ್ಲಿಂದ ಸೌಟಿನದ್ದಾಯಿತು. ಕಥೆ ಬದುಕಿಕೊಂಡಿತು.

ಕವಿತೆ ಬರೆಯುವವರಿಗೆ?

ಪದ ಬಿಟ್ಟು ಬರೀ ತಾಳ ಹಿಡಿಯಿರಿ. ಆರು ಸಾಲಿನ ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ. ತೊಡೆ ಮೇಲೆ "ತಕಿಟ ತಕಧಿಮಿ, ತಕಿಟ ತಕಧಿಮಿ" ಅಂತ ತಟ್ಟಿ. 1, 2, 4, 5ನೇ ಸಾಲಿಗೆ ಅಷ್ಟೇ. 3 ಮತ್ತು 6ನೇ ಸಾಲಿಗೆ ಇನ್ನೊಂದು "ತಕಿಟ ತಕಧಿಮಿ" ಸೇರಿಸಿ, ಕೊನೆಗೆ ಎರಡು ಮಾತ್ರೆಯ ಒಂದು ಗುರು ಎಳೆದು ನಿಲ್ಲಿಸಿ. ಕುಮಾರವ್ಯಾಸನ ಭಾರತ ಪೂರ್ತಿ ಇದೇ ಕಾಲಲ್ಲಿ ನಡೆದದ್ದು. ಹತ್ತು ನಿಮಿಷ ತಟ್ಟಿದರೆ ಬಾಯಿಗೆ ಏನೋ ಒಂದು ಪದ ಬಂದು ಬೀಳುತ್ತದೆ, ಅರ್ಥ ಇಲ್ಲದಿದ್ದರೂ. ನೀವು ಛಂದಸ್ಸಿನಲ್ಲಿ ಬರೆಯದ ಕವಿಯಾದರೂ ಇದು ಆಗುತ್ತದೆ.

ವಾಕಿಂಗ್ ಹೋದರೆ ಸಾಲದಾ?

ಎಷ್ಟೋ ಸಲ ಸಾಕು. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆರಿಲಿ ಒಪೆಝೊ, ಡೇನಿಯಲ್ ಶ್ವಾರ್ಟ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ದಿನಬಳಕೆ ವಸ್ತುವಿಗೆ ಹೊಸ ಉಪಯೋಗ ಯೋಚಿಸಿ ಅಂದಾಗ, ಕೂತಿದ್ದಕ್ಕಿಂತ ನಡೆಯುವಾಗ ಸರಾಸರಿ 60% ಹೆಚ್ಚು ಹೊಳೆಯಿತು. ಖಾಲಿ ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಹೊಳೆಯಿತು. ಅಂದರೆ ಪಾರ್ಕೇ ಬೇಕಂತಿಲ್ಲ, ಮಳೆಗಾಲದಲ್ಲಿ ಹಜಾರದ ಉದ್ದಕ್ಕೂ ಓಡಾಡಬಹುದು. ಆದರೆ ಒಂದೇ ಸರಿ ಉತ್ತರ ಇರುವ ಪದಗಳ ಒಗಟಿನಲ್ಲಿ ನಡಿಗೆ ನೆರವಾಗಲಿಲ್ಲ, ನಡೆದವರು ಸ್ವಲ್ಪ ಹಿಂದೆಯೇ ಬಿದ್ದರು. ಹಾಗಾಗಿ ಹುಡುಕುವಾಗ ನಡೆಯಿರಿ, ಕರಡು ತಿದ್ದುವಾಗ ಕೂರಿ. ಕಿವಿಗೆ ಇಯರ್‌ಫೋನ್ ಬೇಡ.

ಗಡಿಗೆಯೇ ಖಾಲಿ ಅಂದಿರಲ್ಲ, ಅದಕ್ಕೆ?

ನೋಡುವ ಕೆಲಸ ಬೇಕು, ಮಾಡುವುದಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಹಕ್ಕಿಗಳ ಫೋಟೋ ತೆಗೆದರು, ಗಾಳ ಹಾಕಿ ಮೀನು ಹಿಡಿದರು, ಚಿತ್ರ ಬರೆದರು. ಶಿವರಾಮ ಕಾರಂತರು 40ಕ್ಕೂ ಹೆಚ್ಚು ಕಾದಂಬರಿಗಳ ಜೊತೆಗೇ ಯಕ್ಷಗಾನ, ನೃತ್ಯ, ಚಿತ್ರಕಲೆ, ಸಿನಿಮಾ ಎಲ್ಲಕ್ಕೂ ಕೈ ಹಾಕಿದರು. ಇವರು ಬರೆಯಲಾಗದೆ ಅಲ್ಲಿಗೆ ಹೋದರು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಇಬ್ಬರೂ ಬೈಯುತ್ತಿದ್ದರು. ಅವರಿಗೆ ಅದು ಔಷಧಿಯಲ್ಲ, ಬದುಕು. ಆದರೆ ಆ ಹಕ್ಕಿ, ಆ ಮೀನು, ಆ ರಂಗಸ್ಥಳ ಬರವಣಿಗೆಗೆ ಬಂದದ್ದನ್ನು ನಾವು ಓದಿದ್ದೇವೆ.

ಫೋನಿನ ಕ್ಯಾಮೆರಾ ಸಾಕು. ಒಂದು ನಿಯಮ ಇಟ್ಟುಕೊಳ್ಳಿ: ಒಂದೇ ಜಾಗ, ದಿನಕ್ಕೆ ಒಂದೇ ಫೋಟೋ, ಮೂವತ್ತು ದಿನ. ನಾನು ನಮ್ಮ ಬೀದಿಯ ಇಸ್ತ್ರಿ ಗಾಡಿ ತೆಗೆದೆ. ಒಂಬತ್ತನೇ ದಿನದವರೆಗೆ ಗಾಡಿ ಕಂಡಿತು. ಹತ್ತನೇ ದಿನ, ಇಸ್ತ್ರಿಯವನು ಪ್ರತಿ ಅಂಗಿಯ ಜೇಬನ್ನೂ ತಡವಿ ನೋಡಿ ಆಮೇಲೆ ಮಡಿಸುತ್ತಾನೆ ಅನ್ನುವುದು ಕಂಡಿತು.

ನಾಳೆ ಬೆಳಿಗ್ಗೆ ಲೇಖನ ಕೊಡಬೇಕು. ಕಸೂತಿ ಕಲಿಯೋಕೆ ಟೈಮಿಲ್ಲ!

ಸರಿ. ಎದ್ದು ಇಪ್ಪತ್ತು ನಿಮಿಷ ನಡೆಯಿರಿ. ವಾಪಸ್ ಬಂದು, ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಒತ್ತಿ, ಲೇಖನವನ್ನು ನಿಮ್ಮ ಚಿಕ್ಕಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ. ಅದು ತಪ್ಪು ತಪ್ಪಾಗಿ ಅಕ್ಷರ ಮಾಡುತ್ತದೆ. ತಿದ್ದುವುದು ಬರೆಯುವುದಕ್ಕಿಂತ ಸುಲಭ. ಕೊಟ್ಟು ಮುಗಿಸಿ, ಆಮೇಲೆ ಸೂಜಿ ಹುಡುಕಿ.

ನಾನು ಹೊರದೇಶದಲ್ಲಿದ್ದೀನಿ. ಕನ್ನಡವೇ ಕಿವಿಗೆ ಬೀಳಲ್ಲ, ಬರೆದರೆ ಪುಸ್ತಕದ ಭಾಷೆ ಬರುತ್ತೆ.

ಅಮ್ಮನಿಗೆ ವಿಡಿಯೋ ಕಾಲ್ ಹಾಕಿ, ಅವರು ಹೇಳಿದ ಹಾಗೆ ಅಡುಗೆ ಮಾಡಿ. ಯೂಟ್ಯೂಬ್ ಬೇಡ. ಎಷ್ಟು ಉಪ್ಪು ಅಂದರೆ "ರುಚಿಗೆ" ಅನ್ನುತ್ತಾರೆ. ಎಷ್ಟು ಹೊತ್ತು ಹುರಿಯಲಿ ಅಂದರೆ "ಘಮ ಬರೋವರೆಗೆ", ಪಾಕ ಎಷ್ಟು ಅಂದರೆ "ಎಳೆ ಬರಬೇಕು". ಗೊಜ್ಜು ಕುದಿಯುವಾಗ "ಕೊತ ಕೊತ" ಬೇರೆ, "ಗುಳು ಗುಳು" ಬೇರೆ. ಒಲೆ ಮುಂದೆ ಪುಸ್ತಕದ ಭಾಷೆ ಆಡಲು ಆಗುವುದಿಲ್ಲ, ಒಗ್ಗರಣೆ ಸೀದುಹೋಗುತ್ತದೆ. ಊಟ ಆದಮೇಲೆ ಅಮ್ಮನ ಮಾತಿನಲ್ಲೇ ಆ ಅಡುಗೆಯನ್ನು ಒಂದು ಪುಟ ಬರೆದಿಡಿ.

ರೀಲ್ಸ್ ಮಾಡೋದು ಸೃಜನಶೀಲ ಕೆಲಸ ಅಲ್ವಾ?

ಖಂಡಿತ ಹೌದು. ಆದರೆ ಲೈಕ್ ಎಣಿಸುವ ಕೆಲಸವೂ ಅದರ ಜೊತೆಗೇ ಬರುತ್ತದೆ. ತಲೆಯೊಳಗಿನ ಒಬ್ಬ ಜಡ್ಜ್‌ನಿಂದ ತಪ್ಪಿಸಿಕೊಂಡು ಸಾವಿರ ಜಡ್ಜ್‌ಗಳ ಮುಂದೆ ಹೋಗಿ ನಿಂತ ಹಾಗೆ. ಮಾಡಿ, ಹಾಕಬೇಡಿ.

ಹೊಸ ಹವ್ಯಾಸವೇ ಹಿಡಿದುಕೊಂಡು, ಬರವಣಿಗೆ ಪೂರ್ತಿ ಬಿಟ್ಟುಹೋದರೆ?

ಆಗಬಹುದು. ಗುಂಪಿಗೆ ಬರುತ್ತಿದ್ದ ಒಬ್ಬಳು ಈಗ ಮಡಕೆ ಮಾಡುತ್ತಾಳೆ, ಕವಿತೆ ಬರೆಯುವುದಿಲ್ಲ. ಮಡಕೆಗಳು ಕವಿತೆಗಳಿಗಿಂತ ಚೆನ್ನಾಗಿವೆ, ಅವಳಿಗೂ ಗೊತ್ತು. ಅದರಲ್ಲಿ ನಷ್ಟ ಏನಿದೆ?

ವಾಪಸ್ ಬರಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಕೈಕೆಲಸ ಮುಗಿಸಿ ಏಳುವ ಮುಂಚೆ ಒಂದೇ ಒಂದು ವಾಕ್ಯ ಬರೆಯಿರಿ. ಕಥೆಯದ್ದೇ ಆಗಬೇಕಿಲ್ಲ. "ಇವತ್ತು ದಾರ ಮೂರು ಸಲ ತುಂಡಾಯಿತು" ಅಂದರೂ ಸರಿ. ಎರಡು ವಾರ ಆದರೂ ಒಂದು ವಾಕ್ಯ ದಾಟದಿದ್ದರೆ ಗಾಬರಿ ಬೇಡ. ಆ ಒಂದು ವಾಕ್ಯವೂ ಬೇಡ ಅನ್ನಿಸಿ, ಬಣ್ಣದ ಅಂಗಡಿಗೆ ದಿನಾ ಹೋಗುತ್ತಿದ್ದರೆ ಮಾತ್ರ ಮೊದಲು ಹೇಳಿದ ನೆಪ ಬಂದಿದೆ ಅಂತ ಲೆಕ್ಕ.

ಯಾವುದರಲ್ಲೂ ಮನಸ್ಸಿಲ್ಲ. ಹಾಡು, ಅಡುಗೆ, ಜನ, ಯಾವುದೂ ಬೇಡ ಅನ್ನಿಸುತ್ತೆ.

ಹಾಗಾದರೆ ಇದು ಬರವಣಿಗೆಯ ಪ್ರಶ್ನೆ ಅಲ್ಲದಿರಬಹುದು. ಎರಡು ವಾರಕ್ಕೂ ಜಾಸ್ತಿ ದಿನ ಹೀಗೇ ಇದ್ದು, ನಿದ್ದೆ, ಊಟವೂ ಏರುಪೇರಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕಥೆ ಕಾಯುತ್ತದೆ.

ಕೊನೆಗೆ ನಿಮ್ಮ ಆ ಬಾಗಿಲಿನ ಕಥೆ ಅಚ್ಚಾಯಿತಾ?

ಇಲ್ಲ. ಎರಡು ಕಡೆ ಕಳಿಸಿದೆ, ಒಂದು ಕಡೆಯಿಂದ ವಾಪಸ್ ಬಂದಿದೆ. ಗೋಪುರದ ಕಸೂತಿಯೂ ಮುಗಿದಿಲ್ಲ, ಕಳಸದ ಹತ್ತಿರ ಎರಡು ಎಳೆ ಎಣಿಕೆ ತಪ್ಪಿ ವಾಲಿಕೊಂಡಿದೆ. ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ ಕಥೆಯ ಬಗ್ಗೆ ಕೇಳುವುದಿಲ್ಲ, "ಹಿಂದಿನ ಮಗ್ಗಲದ ಫೋಟೋ ಕಳಸು" ಅನ್ನುತ್ತಾರೆ. ನಾನು ಮುಂದಿನದ್ದೇ ಕಳಿಸುತ್ತೇನೆ.